ಕಮಲಾಪುರದ ವಿಮಾನದೊಳಗಿನ ಸೀಟಿ

ಕೊರೊನಾ ಕಾಲ ಕಳೆದು ಎಲ್ಲರೂ ಮತ್ತೆ ಕೆಲಸಕ್ಕೆ ಮರಳುತ್ತಿದ್ದ ವರ್ಷ ನಾನು ಕೆಲಸ ಮುಗಿಸಿ ಕಲಬುರಗಿಗೆ ಮರಳಿದೆ. ಹೈದರಾಬಾದಿನ ಒಂದು ವಿಮಾನ ದುರಸ್ತಿ ಸಂಸ್ಥೆಯಲ್ಲಿ ಏವಿಯಾನಿಕ್ಸ್ ವಿಭಾಗದ ಮೇಲ್ವಿಚಾರಕಿಯಾಗಿ ನಿವೃತ್ತಳಾಗಿದ್ದೆ. ಏವಿಯಾನಿಕ್ಸ್ ಎಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳು: ರೇಡಿಯೋ, ದಾರಿ ತೋರಿಸುವ ಯಂತ್ರಗಳು, ಎಂಜಿನ್ನಿನ ಸ್ಥಿತಿ ಹೇಳುವ ಮೀಟರುಗಳು. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ರೇಡಿಯೋ. ಪೈಲಟ್ ಬಂದು ‘ಏನೋ ಸದ್ದು ಬರುತ್ತಿದೆ’ ಎಂದಷ್ಟೇ ಹೇಳಿ ಚಹಾ ಕುಡಿಯಲು ಹೋದರೆ, ಆ ಸದ್ದು ಎಲ್ಲಿಂದ ಹುಟ್ಟಿತು, ಯಾವ ತಂತಿ ಹಿಡಿದು ಬಂತು ಎಂದು ಹುಡುಕಿ ಅದನ್ನು ಕೊಲ್ಲುವುದು ನನ್ನ ಕೆಲಸವಾಗಿತ್ತು. ಕಲಬುರಗಿಯ ರೋಜಾ ಬಡಾವಣೆಯ ನಮ್ಮ ಹಳೆಯ ಮನೆಯಲ್ಲಿ ತಂಗಿಯ ಜೊತೆ ನೆಲೆಸಿದ ಮೇಲೆ, ಇನ್ನು ಯಾವ ಹೆಡ್‌ಸೆಟ್ಟನ್ನೂ ಕಿವಿಗೆ ಏರಿಸುವುದಿಲ್ಲ ಎಂದುಕೊಂಡಿದ್ದೆ.

ಒಂದು ಮುಂಜಾನೆ ಗುರುಶಾಂತಪ್ಪನವರು ನಮ್ಮ ಮನೆ ಹುಡುಕಿಕೊಂಡು ಬಂದರು. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಊರೆಲ್ಲ ಅವರನ್ನು ಮಾಸ್ತರ್ ಎಂದೇ ಕರೆಯುತ್ತಿತ್ತು. ಮನೆ ಕುಸನೂರಿನಲ್ಲಿ. ಕುರ್ಚಿಯ ತುದಿಯಲ್ಲಿ ಕೂತು, ಕಾಯಿಲೆ ಬಿದ್ದ ಮಗುವಿನ ಸುದ್ದಿ ಹೇಳುವವರಂತೆ ಹೇಳಿದರು:

“ಮೇಡಂ, ನನ್ನ ವಿಮಾನದಾಗ ಒಂದ್ ಸೀಟಿ ಅದ ರೀ. ಸಣ್ಣ ಸೀಟಿ. ಎರಡ್ ರೇಡಿಯೋ ಬದಲಿ ಮಾಡೀನಿ, ಹೋಗವಲ್ದು.”

ಅಡುಗೆಮನೆಯಲ್ಲಿದ್ದ ನನ್ನ ತಂಗಿ ತಲೆ ಹೊರಹಾಕಿ ನೋಡಿದಳು. ನನಗೂ ನಂಬಿಕೆ ಬರಲಿಲ್ಲ. ಆದರೆ ಅವರು ಫೋನಿನಲ್ಲಿ ಫೋಟೋ ತೋರಿಸಿದರು. ಇಬ್ಬರು ಕೂರುವ, ಒಂದು ಎಂಜಿನ್ನಿನ ಅಲ್ಯೂಮಿನಿಯಂ ವಿಮಾನ. ನಕ್ಷೆ ತರಿಸಿ, ತಗಡು ಕತ್ತರಿಸಿ, ರಿವೆಟ್ ಮೊಳೆ ಹೊಡೆದು ಜೋಡಿಸಿ, ಕಮಲಾಪುರದಲ್ಲಿ ತಮ್ಮನ ಹೊಲದ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತು ಅವರೇ ಕಟ್ಟಿದ್ದು. ಹೀಗೆ ಸ್ವಂತ ಕೈಯಿಂದ ವಿಮಾನ ಕಟ್ಟುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ಕಡೆ ನಾನು ಕಂಡದ್ದು ಅವರೊಬ್ಬರನ್ನೇ. ಹಿಂದೆ ಫ್ಲೈಯಿಂಗ್ ಕ್ಲಬ್ಬೊಂದರಲ್ಲಿ ಕಲಿತು ಲೈಸೆನ್ಸ್ ಕೂಡ ತೆಗೆದುಕೊಂಡಿದ್ದರು. ವೈದ್ಯಕೀಯ ಪರೀಕ್ಷೆ ಮತ್ತೊಮ್ಮೆ ಆಗಬೇಕಿತ್ತು, ವಿಮಾನಕ್ಕೆ ಹಾರಾಟದ ಅನುಮತಿ ಬರಬೇಕಿತ್ತು. ಅಷ್ಟರಲ್ಲಿ ಈ ಸೀಟಿ.

ಮರುದಿನವೇ ನನ್ನ ಮೀಟರಿನ ಪೆಟ್ಟಿಗೆ ಹಿಡಿದು ಕಮಲಾಪುರದ ಬಸ್ ಹತ್ತಿದೆ.

ಕೆಂಪು ಬಾಳೆಯ ತೋಟ ದಾಟಿದರೆ ತಗಡಿನ ಶೆಡ್ಡು, ಅದರ ಮುಂದೆ ಗರಸು ಹಾಕಿ ಗಟ್ಟಿ ಮಾಡಿದ ಉದ್ದನೆಯ ಪಟ್ಟಿ. ಅದೇ ರನ್‌ವೇ. ಬಾಗಿಲಲ್ಲಿ ನಿಂತಿದ್ದವನು ತಮ್ಮ ರಾಚಣ್ಣ. ಹೆದ್ದಾರಿಯ ಬದಿಗೆ ಅವನದೊಂದು ದೊಡ್ಡ ಕಲ್ಯಾಣ ಮಂಟಪವಿತ್ತು. ಹೊಲ ಅವನದು, ಎಂಜಿನ್ ತರಿಸಿದವನೂ ಅವನೇ, ಆದ್ದರಿಂದ ಕಾಗದದ ಮೇಲೆ ವಿಮಾನವೂ ಅವನದೇ. ಅವನ ಸುತ್ತ ಯಾವಾಗಲೂ ನಾಲ್ಕು ಜನ ನಗುತ್ತಿರುತ್ತಿದ್ದರು. ನಗದಿದ್ದರೆ ಮುಂದಿನ ಮಾತು ತಮ್ಮ ಮೇಲೆ ಬಂದೀತೆಂಬ ಭಯ ಅವರಿಗೆ.

“ಬರ್ರಿ ಮೇಡಂ,” ಎಂದ. “ನಮ್ಮ ಅಣ್ಣನ ವಿಮಾನ ಹಾರಂಗಿಲ್ಲ. ಬರೇ ಹಾಡ್ತದ.”

ನಾಲ್ವರೂ ನಕ್ಕರು. ಮಾಸ್ತರ್ ಕೂಡ ನಕ್ಕರು, ಸ್ವಲ್ಪ ತಡವಾಗಿ.

ಕೆಲಸ ಶುರು ಮಾಡಿದೆ. ಸದ್ದು ಹುಡುಕುವ ವಿಧಾನ ಬಹಳ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಎಲ್ಲವನ್ನೂ ಆರಿಸಿ, ಒಂದೊಂದಾಗಿ ಹಚ್ಚಬೇಕು, ಪ್ರತಿಯೊಂದಕ್ಕೂ ಕಿವಿಗೊಡಬೇಕು. ಹಾಗೆ ಮಾಡಿದಾಗ ಆ ವಿಮಾನದಲ್ಲಿ ನನಗೇ ಮೂರು ಬಗೆಯ ಸದ್ದು ಕೇಳಿಸಿತು. ಎಂಜಿನ್ ವೇಗ ಏರಿದಂತೆ ಸ್ವರ ಏರುತ್ತಾ ಹೋಗುವ ಒಂದು ಗೋಳು. ರೆಕ್ಕೆಯ ತುದಿಯ ದೀಪ ಮಿಂಚಿದಾಗಲೆಲ್ಲ ‘ಟಕ್’ ಎನ್ನುವ ಇನ್ನೊಂದು. ದೂರದ ಮಾತನ್ನೆಲ್ಲ ಮುಳುಗಿಸುವ, ಮರಳು ಸುರಿದಂಥ ಮೂರನೆಯದು.

ಗೋಳು ಆಲ್ಟರ್ನೇಟರಿನದು, ಅಂದರೆ ಎಂಜಿನ್ ತಿರುಗಿದಾಗ ವಿದ್ಯುತ್ ಕೊಡುವ ಯಂತ್ರದ್ದು. ಹೆಡ್‌ಸೆಟ್ ಚುಚ್ಚುವ ಜ್ಯಾಕಿಗೂ ಲೋಹದ ಪ್ಯಾನೆಲ್ಲಿಗೂ ನಡುವೆ ಕರೆಂಟು ಹಾಯದ ಫೈಬರಿನ ಬಿಲ್ಲೆ ಇರಬೇಕು, ಇರಲಿಲ್ಲ. ಇದರಿಂದ ಕರೆಂಟು ಹಿಂತಿರುಗಲು ಒಂದರ ಬದಲು ಎರಡು ದಾರಿ ಆಗುತ್ತದೆ. ನಾವು ಇದನ್ನು ಗ್ರೌಂಡ್ ಲೂಪ್ ಅನ್ನುತ್ತೇವೆ. ಬಿಲ್ಲೆ ಹಾಕಿದೆ, ಗೋಳು ನಿಂತಿತು. ಮೈಕಿನ ತಂತಿಯನ್ನೂ ರೆಕ್ಕೆದೀಪದ ತಂತಿಯನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿದ್ದರು. ಬೇರ್ಪಡಿಸಿ ದೂರ ಎಳೆದೆ, ‘ಟಕ್’ ಹೋಯಿತು. ಮೂರನೆಯದಕ್ಕೆ ಕಾರಣ ಟ್ಯಾಬ್ಲೆಟ್ ಚಾರ್ಜ್ ಮಾಡಲು ಪ್ಯಾನೆಲ್ಲಿನ ಕೆಳಗೆ ಕೂರಿಸಿದ್ದ ಬಜಾರಿನ ಒಂದು ಅಗ್ಗದ ಯುಎಸ್‌ಬಿ ಚಾರ್ಜರ್. ಕಿತ್ತು ಹಾಕಿದೊಡನೆ ರೇಡಿಯೋ ತಿಳಿಯಾಯಿತು.

ಮಾಸ್ತರ್ ಕಾಕ್‌ಪಿಟ್ಟಿನಲ್ಲಿ ಕೂತು ಹೆಡ್‌ಸೆಟ್ ಹಾಕಿಕೊಂಡು ಕಣ್ಣು ಮುಚ್ಚಿದರು. ನಾನು ಕಾದೆ.

“ಮೂರೂ ಹೋದ್ವು ಮೇಡಂ. ನಿಮ್ಮ ಕೈ ದೊಡ್ಡದು,” ಎಂದರು. ಆಮೇಲೆ ಸಣ್ಣ ದನಿಯಲ್ಲಿ, “ಸೀಟಿ ಮಾತ್ರ ಹಂಗೇ ಅದ.”

ನನಗೆ ಏನೂ ಕೇಳಿಸುತ್ತಿರಲಿಲ್ಲ. ಆದರೆ ನನ್ನ ವೃತ್ತಿಯಲ್ಲಿ ಅದು ಉತ್ತರವಲ್ಲ. ವಯಸ್ಸಾದಂತೆ ಎಲ್ಲರಿಗೂ ಏರುಸ್ವರ ಕೇಳಿಸುವುದು ಕಡಿಮೆಯಾಗುತ್ತದೆ. ನಾನೂ ಅರವತ್ತರ ಹತ್ತಿರದವಳು. ಆದ್ದರಿಂದ ನನ್ನ ಕಿವಿಯನ್ನು ನಂಬದೆ, ಹೈದರಾಬಾದಿನ ಹಳೆಯ ಸಹೋದ್ಯೋಗಿಯಿಂದ ಸ್ಪೆಕ್ಟ್ರಮ್ ಅನಲೈಜರ್ ತರಿಸಿದೆ. ಕಿವಿಗೆ ಕೇಳದ ಸದ್ದನ್ನೂ ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ ಅದು. ಹೆಡ್‌ಸೆಟ್ ಬದಲಿಸಿದೆ, ಆಂಟೆನಾದ ಬುಡ ಬಿಚ್ಚಿ ತಿಕ್ಕಿ ಕೂರಿಸಿದೆ, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಪರದೆಯ ಮೇಲೆ ಸೀಟಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಮಾಸ್ತರರಿಗೆ ಮಾತ್ರ ಅದು ಕೇಳಿಸುತ್ತಲೇ ಇತ್ತು.

ಆ ದಿನಗಳಲ್ಲಿ ಎರಡು ಸಂಗತಿ ನನ್ನ ಕಣ್ಣಿಗೆ ಬಿದ್ದವು. ಒಂದು, ಅವರು ರಿವೆಟ್ ಗನ್ ಹಿಡಿದಾಗ ಅದರ ಸದ್ದಿಗೆ ಆ ತಗಡಿನ ಶೆಡ್ಡಿನೊಳಗೆ ನಿಲ್ಲಲಾಗದೆ ನಾನು ಹೊರಗೋಡಿದ್ದೆ. ಅವರ ಕಿವಿಗೆ ಹತ್ತಿಯೂ ಇರಲಿಲ್ಲ. ಇನ್ನೊಂದು, ಅವರ ಹೆಂಡತಿ ನೀಲಮ್ಮ ಬುತ್ತಿ ತಂದಾಗ ಮೊದಲು ಗಂಡನ ಹೆಗಲು ಮುಟ್ಟುತ್ತಿದ್ದರು, ಅವರು ತಿರುಗಿ ಮುಖ ನೋಡಿದ ಮೇಲೆಯೇ ಮಾತು ಶುರು ಮಾಡುತ್ತಿದ್ದರು. ನಾನು ನೀಲಮ್ಮನನ್ನು ತೋಟದ ಕಡೆ ಕರೆದುಕೊಂಡು ಹೋಗಿ ಕೇಳಿದೆ.

“ಕುಕ್ಕರ್ ಸೀಟಿ ಹೊಡದ್ರ ಅವರಿಗಿ ಕೇಳಸಂಗಿಲ್ರೀ,” ಎಂದರು. “ಕಿವಿ ಮಾತ್ ತಗದ್ರ ಸಿಟ್ಟಿಗೇಳ್ತಾರ. ನನಗ ಅಂಜಿಕಿ ಆಗ್ತದ.”

ಮರುದಿನ ಮಾಸ್ತರರೊಬ್ಬರನ್ನೇ ಕೂರಿಸಿಕೊಂಡು ಮಾತಾಡಬೇಕು ಎಂದು ನಿರ್ಧರಿಸಿದೆ. ಆದರೆ ಮರುದಿನ ನಾನು ಬಸ್ ಇಳಿದು ಶೆಡ್ಡು ಮುಟ್ಟುವಷ್ಟರಲ್ಲಿ ಅಲ್ಲಿ ಜನ ಸೇರಿದ್ದರು. ರಾಚಣ್ಣ ಕಲಬುರಗಿಯಿಂದ ತನ್ನ ಗುತ್ತೇದಾರ ಗೆಳೆಯರನ್ನು ವಿಮಾನ ತೋರಿಸಲು ಕರೆತಂದಿದ್ದ. ಮಾಸ್ತರ್ ಕಾಕ್‌ಪಿಟ್ಟಿನಲ್ಲಿ ಕೂತಿದ್ದರು, ಹೆಡ್‌ಸೆಟ್ ಹಾಕಿಕೊಂಡು, ಎಂದಿನಂತೆ ಕಣ್ಣು ಮುಚ್ಚಿ. ಆ ವಿಮಾನದ ಬ್ಯಾಟರಿ ಸೀಟಿನ ಹಿಂದೆ ಇತ್ತು. ಅದರ ಮುಚ್ಚಳ ತೆರೆದಿತ್ತು. ರಾಚಣ್ಣ ಬೋಲ್ಟು ಬಿಚ್ಚುವ ಪಾನಾದಿಂದ ಬ್ಯಾಟರಿಯ ಕೇಬಲ್ ಕಳಚಿ, ಸತ್ತ ಹಾವನ್ನು ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಗೆಳೆಯರಿಗೆ ತೋರಿಸುತ್ತಿದ್ದ. ಇನ್ನೊಂದು ಕೈಯ ಬೆರಳು ತುಟಿಯ ಮೇಲಿತ್ತು.

ನಾನು “ಮಾಸ್ತರ್” ಎಂದು ಕೂಗಿದೆ. ಅದಕ್ಕಿಂತ ಜೋರಾಗಿ ಅವನು ಕೂಗಿದ:

“ಅಣ್ಣಾ! ಸೀಟಿ ಈಗ ಹೆಂಗದ?”

ಮಾಸ್ತರ್ ಕಣ್ಣು ತೆರೆಯಲಿಲ್ಲ. ಬಹಳ ಗಮನವಿಟ್ಟು ಕೇಳಿದರು. ತಲೆ ಸ್ವಲ್ಪ ಓರೆ ಮಾಡಿದರು.

“ಈಗ ಜರಾ ಜಾಸ್ತಿನೇ ಆಗ್ಯಾದ ನೋಡು,” ಎಂದರು.

ಶೆಡ್ಡು ಬಿದ್ದುಹೋಗುವಂತೆ ನಗು. ಆ ನಗು ಅವರಿಗೆ ಕೇಳಿಸಿತು. ಕಣ್ಣು ತೆರೆದು ಮೊದಲು ನೋಡಿದ್ದು ಪ್ಯಾನೆಲ್ಲನ್ನು. ಒಂದು ದೀಪವೂ ಇರಲಿಲ್ಲ. ಸ್ವಿಚ್ಚು ಮುಟ್ಟಿ ನೋಡಿದರು. ತಿರುಗಿ ತಮ್ಮನ ಕೈಯಲ್ಲಿದ್ದ ಕೇಬಲ್ ನೋಡಿದರು.

“ರೇಡಿಯೋ ಕೆಟ್ಟಿಲ್ಲ ಅಣ್ಣಾ,” ಎಂದ ರಾಚಣ್ಣ. “ನೀನೇ ಕೆಟ್ಟೀದಿ.”

ನಾನು ಹೋಗಿ ಆ ಕೇಬಲ್ ಕಿತ್ತುಕೊಂಡೆ. “ಇದು ತಮಾಷಿ ಮಾಡೋ ಜಾಗಾ ಅಲ್ಲ. ಎಲ್ಲರೂ ಹೊರಗ ನಡೀರಿ,” ಎಂದೆ. ಅತಿಥಿಗಳು ನೆಲ ನೋಡುತ್ತಾ ಹೊರಟರು. ರಾಚಣ್ಣ ಹೋಗುವಾಗ ಅಣ್ಣನ ಬೆನ್ನು ತಟ್ಟಿಯೇ ಹೋದ.

ಮಾಸ್ತರ್ ಹೆಡ್‌ಸೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಅದರ ತಂತಿಯನ್ನು ಸುತ್ತುತ್ತಿದ್ದರು. ನಾನು ಅವರಿಗೆ ಮುಖ ಕಾಣುವಂತೆ ಎದುರಿಗೆ ನಿಂತು, ಸೀಟಿ ವಿಮಾನದ್ದಲ್ಲ, ಕಿವಿಯದು ಇರಬಹುದು, ಡಾಕ್ಟರಿಗೆ ತೋರಿಸೋಣ ಎಂದೆ.

“ವಿಮಾನದಾಗೇ ಇರಲಿ ಅಂತ ದೇವರಿಗಿ ಬೇಡ್ಕೊಂಡಿದ್ದೆ ಮೇಡಂ,” ಎಂದರು. “ವಿಮಾನದಾಗಿದ್ರ ರಿಪೇರಿ ಆಗ್ತದ.”

ಸೇಡಂ ರಸ್ತೆಯ ಆಸ್ಪತ್ರೆಯೊಂದಕ್ಕೆ ನೀಲಮ್ಮ, ನಾನು ಇಬ್ಬರೂ ಅವರ ಜೊತೆ ಹೋದೆವು. ಸದ್ದು ಒಳಬರದ ಸಣ್ಣ ಗಾಜಿನ ಕೋಣೆಯಲ್ಲಿ ಕೂರಿಸಿ, ಸ್ವರ ಕೇಳಿದಾಗ ಗುಂಡಿ ಒತ್ತಿ ಎಂದರು. ಹೊರಗೆ ಕೂತು ನಾನು ಯಂತ್ರದ ಪರದೆ ನೋಡುತ್ತಿದ್ದೆ. ತಗ್ಗುಸ್ವರಗಳಿಗೆ ಅವರ ಹೆಬ್ಬೆರಳು ಸರಿಯಾಗಿ ಒತ್ತುತ್ತಿತ್ತು. ಸ್ವರ ಏರುತ್ತಾ ಹೋದಂತೆ ಒತ್ತುವುದು ನಿಂತಿತು. ಗಾಜಿನಾಚೆ ಅವರು ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಪರೀಕ್ಷೆ ಇನ್ನೂ ಶುರುವಾಗಿಲ್ಲವೇನೋ ಎಂಬಂತೆ ನಮ್ಮ ಕಡೆ ನೋಡುತ್ತಿದ್ದರು. ನೀಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಡಾಕ್ಟರ್ ವಯಸ್ಸಿನಲ್ಲಿ ಸಣ್ಣವರು. “ಏನ್ ಕೆಲಸ ಮಾಡ್ತೀರಿ?” ಎಂದು ಕೇಳಿದರು.

“ವಿಮಾನ ಕಟ್ತೇನಿ,” ಎಂದರು ಮಾಸ್ತರ್.

ಪ್ರಶ್ನೆ ಸರಿಯಾಗಿ ಕೇಳಿಸಿಲ್ಲವೆಂದುಕೊಂಡು ಡಾಕ್ಟರ್ ಇನ್ನೂ ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು: “ಕೆ-ಲ-ಸ! ಏ-ನು ಕೆ-ಲ-ಸ?” ಹೊರಗೆ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಮಾಸ್ತರ್ ಮತ್ತೆ ಅದೇ ಉತ್ತರ ಕೊಟ್ಟರು, ಅದೇ ದನಿಯಲ್ಲಿ. ನಾನು ವಿವರಿಸಬೇಕಾಯಿತು.

ಡಾಕ್ಟರ್ ಹೇಳಿದ್ದಿಷ್ಟು. ತಗಡಿನ ಕೋಣೆಯಲ್ಲಿ ವರ್ಷಗಟ್ಟಲೆ ರಿವೆಟ್ ಹೊಡೆದದ್ದರಿಂದ, ಎಂಜಿನ್ ಪಕ್ಕದಲ್ಲಿ ನಿಂತದ್ದರಿಂದ ಒಳಗಿವಿಯ ಸೂಕ್ಷ್ಮ ಕೂದಲುಗಳು ಸತ್ತಿವೆ. ಸತ್ತ ಜಾಗದಲ್ಲೇ ಸೀಟಿಯಂಥ ಸದ್ದು ಹುಟ್ಟುತ್ತದೆ. ಮಾತು ಕೇಳಿಸುತ್ತದೆ, ಆದರೆ ಸ, ಶ, ಚ, ತ ಅಕ್ಷರಗಳು ಉದುರಿಹೋಗುತ್ತವೆ. ಯಂತ್ರ ಹಾಕಿಕೊಂಡರೆ ಸ್ವಲ್ಪ ಅನುಕೂಲ. ಹೋದದ್ದು ವಾಪಸು ಬರುವುದಿಲ್ಲ. ಪೈಲಟ್ಟಿನ ವೈದ್ಯಕೀಯ ಪರೀಕ್ಷೆಯಲ್ಲೂ ಮುಂದೆ ಅದೇ ಫಲಿತಾಂಶ ಬಂತು. ಅನುತ್ತೀರ್ಣ.

ಆ ದಿನ ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ಅವರು ಒಂದೇ ಮಾತು ಆಡಿದರು. “ಅದನ್ನ ಕಟ್ಟಿ ಕಟ್ಟಿ ಅದಕ್ಕೇ ನಾಲಾಯಕ್ ಆದೆನಲ್ಲ ರೀ.”

ವಿಮಾನಕ್ಕೆ ಅನುಮತಿ ಬಂತು. ಕ್ಯಾಪ್ಟನ್ ಜೋಸೆಫ್ ಎಂಬ ನಿವೃತ್ತ ಪೈಲಟ್ಟನ್ನು ರಾಚಣ್ಣ ಗೊತ್ತುಮಾಡಿದ. ಅವರು ಒಬ್ಬರೇ ಪರೀಕ್ಷಾ ಹಾರಾಟಗಳನ್ನು ಮುಗಿಸಿದರು. ಆ ದಿನಗಳಲ್ಲೆಲ್ಲ ಮಾಸ್ತರ್ ಎಂಜಿನ್ನಿನ ಬೋಲ್ಟು ಬಿಗಿಮಾಡುತ್ತಾ, ಎಣ್ಣೆ ಒರೆಸುತ್ತಾ ಕೆಳಗೇ ಇದ್ದರು. ಕೊನೆಗೆ ಪಕ್ಕದ ಸೀಟಿನಲ್ಲಿ ಜನ ಕೂರಬಹುದೆಂದಾಯಿತು. ಅದಕ್ಕೆ ವೈದ್ಯಕೀಯ ಪರೀಕ್ಷೆ ಬೇಕಿಲ್ಲ. ಮಾಸ್ತರ್ ಕೂರಬಹುದಿತ್ತು.

ಆ ದಿನ ರಾಚಣ್ಣ ಶಾಮಿಯಾನ ಹಾಕಿಸಿದ್ದ. ವಿಮಾನದ ಎರಡೂ ಬದಿಗೆ ಅವನ ಕಲ್ಯಾಣ ಮಂಟಪದ ಹೆಸರು ಬರೆದಿತ್ತು. ನೀಲಮ್ಮ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದರು. ಮಾಸ್ತರ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮೈಕು ಹಿಡಿದು ರಾಚಣ್ಣ ಸಾರಿದ: “ಮೊದಲ್ನೇ ಸುತ್ತ ನಂದು. ಎರಡ್ನೇದು ಅಣ್ಣಂದು. ಅಲ್ಲೀತನ ನೆಲದ ರೇಡಿಯೋ ಅಣ್ಣ ನೋಡ್ಕೋತಾನ. ಅವನ ಕಿವಿ ಬಾಳ ಚುರುಕು!”

ಕುರ್ಚಿಗಳ ಸಾಲಿನಲ್ಲಿ ನಗು ಹರಿಯಿತು. ಮಾಸ್ತರ್ ಎದ್ದುಹೋಗಲಿಲ್ಲ. ರೇಡಿಯೋ ಇಟ್ಟ ಮೇಜಿನ ಮುಂದೆ ಕೂತರು. ನಾನೂ ಇನ್ನೊಂದು ಹೆಡ್‌ಸೆಟ್ ಹಾಕಿ ಪಕ್ಕದಲ್ಲಿ ಕೂತೆ. ವಿಮಾನ ಗರಸಿನ ಧೂಳೆಬ್ಬಿಸಿ ಓಡಿ, ತೋಟದ ಆಚೆ ಮೇಲೆದ್ದಿತು. ಮಾಸ್ತರ್ ಎದ್ದುನಿಂತು ನೋಡಿದರು. ಅವರ ತುಟಿ ಅಲುಗುತ್ತಿತ್ತು, ಪೈಲಟ್ ಮಾಡಬೇಕಾದ ಒಂದೊಂದು ಕೆಲಸವನ್ನೂ ತಾವೇ ಹೇಳಿಕೊಳ್ಳುತ್ತಿದ್ದರು.

ರೇಡಿಯೋ ಅಷ್ಟು ಸ್ವಚ್ಛವಾಗಿ ಮಾತಾಡಿದ್ದನ್ನು ನನ್ನ ವೃತ್ತಿಯಲ್ಲಿ ಅಪರೂಪಕ್ಕೆ ಕೇಳಿದ್ದೇನೆ. ಅದರಲ್ಲಿ ರಾಚಣ್ಣನ ದನಿ ಬಂತು: “ಅಣ್ಣಾ, ಮ್ಯಾಲಿಂದ ನಿನ್ನ ಶೆಡ್ಡು ಕೋಳಿಗೂಡು ಕಂಡಂಗ ಕಾಣ್ತದ. ಸೀಟಿ ಕೇಳ್ತೇನೋ ಕಿವುಡಾ?”

ಮಾಸ್ತರ್ ಆಕಾಶದಿಂದ ಕಣ್ಣು ಕಿತ್ತು ನನ್ನ ಮುಖ ನೋಡಿದರು. “ಏನಂದ ರೀ?”

ರೇಡಿಯೋ ಸಂದೇಶ ದಾಟಿಸುವವರಿಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಕೇಳಿದ್ದನ್ನು ಕೇಳಿದಂತೆ ಹೇಳಬೇಕು. ಆದರೂ ಆ ಕ್ಷಣ ‘ಚೆನ್ನಾಗಿ ಹಾರುತ್ತಿದೆ ಅಂದರು’ ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು.

“ನಿಮ್ಮ ಮಾರಿ ನೋಡೀನಿ ಮೇಡಂ,” ಎಂದರು. “ಕೇಳಿದ್ದೇ ಹೇಳ್ರಿ.”

ಹೇಳಿದೆ. ಒಂದು ಪದವನ್ನೂ ಬಿಡಲಿಲ್ಲ.

ಅವರು ಮೈಕಿನ ಗುಂಡಿ ಒತ್ತಿದರು. “ಕ್ಯಾಪ್ಟನ್, ಗಾಳಿ ಪಡುವಣದ್ದು. ಪಟ್ಟಿ ಮ್ಯಾಲ ದನ ಇಲ್ಲ, ಜನ ಇಲ್ಲ. ಇಳೀಬಹುದು. ರಾಚಾ, ಬೆಲ್ಟ್ ಬಿಗಿ ಮಾಡ್ಕೊ.”

ಮೇಲಿಂದ ಕ್ಯಾಪ್ಟನ್ ದನಿ ಬಂತು: “ಥ್ಯಾಂಕ್ಯೂ ಮಾಸ್ತರ್. ವಿಮಾನ ಬಹಳ ಚೆನ್ನಾಗಿದೆ.” ಅದನ್ನೂ ದಾಟಿಸಿದೆ. ಅವರು ತಲೆಯಾಡಿಸಿದರು.

ಎರಡನೆಯ ಸುತ್ತು ಮಾಸ್ತರರದ್ದಾಗಲಿಲ್ಲ. ಅವರು ಚಪ್ಪಲಿ ಬಿಟ್ಟು ರೆಕ್ಕೆಯ ಮೇಲೆ ಕಾಲಿಡುವಷ್ಟರಲ್ಲಿ ರಾಚಣ್ಣ ಒಬ್ಬ ಗುತ್ತೇದಾರನ ಕೈ ಹಿಡಿದು ತಂದ. “ಅಣ್ಣಗೇನ್ ಅವಸರ? ಮನೀ ವಿಮಾನ.” ಅದಾದ ಮೇಲೆ ಇನ್ನೊಬ್ಬ ಅತಿಥಿ. ಅದಾದ ಮೇಲೆ ಅತಿಥಿಯ ಅಳಿಯ. ಮಾಸ್ತರ್ ಪ್ರತಿ ಸಲವೂ ಇಳಿದು ಬಂದು ಮೇಜಿನ ಮುಂದೆ ಕೂತು ಗಾಳಿಯ ದಿಕ್ಕು ಹೇಳಿದರು. ಕೊನೆಗೆ ಕ್ಯಾಪ್ಟನ್ ಜೋಸೆಫ್ ತಾವಾಗಿಯೇ, ಇನ್ನೊಂದು ಸುತ್ತಿಗೆ ಪೆಟ್ರೋಲ್ ಇದೆ, ಮಾಸ್ತರರನ್ನು ಕೂರಿಸಿಕೊಳ್ಳುತ್ತೇನೆ ಎಂದರು. ರಾಚಣ್ಣ ವಿಮಾನದ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. “ಸಾಕ್ರಿ. ಊಟಕ್ಕ ಹೊತ್ತಾಗ್ಯಾದ.”

ಮಾಸ್ತರ್ ರೆಕ್ಕೆಯ ಪಕ್ಕ ಬರಿಗಾಲಲ್ಲಿ ನಿಂತಿದ್ದರು. ನೀಲಮ್ಮ ಅವರ ಚಪ್ಪಲಿ ಎತ್ತಿಕೊಂಡು ಬಂದು ಮುಂದಿಟ್ಟರು.

ಮುಂದಿನ ಸಲ ಎನ್ನುವುದು ಬರಲೇ ಇಲ್ಲ. ಆ ಚಳಿಗಾಲ ಮುಗಿಯುವುದರೊಳಗೆ ರಾಚಣ್ಣ ವಿಮಾನವನ್ನು ದೂರದ ರಾಜ್ಯದ ಯಾರಿಗೋ ಮಾರಿಬಿಟ್ಟ. ಲಾರಿಯಲ್ಲಿ ಸಾಗಿಸಲು ರೆಕ್ಕೆ ಕಳಚಬೇಕು. ಕಳಚುವ ಕ್ರಮ ಗೊತ್ತಿದ್ದವರು ಒಬ್ಬರೇ. ಆಂಟೆನಾ ತಂತಿ ಬಿಚ್ಚಲು ಅವರು ನನ್ನನ್ನು ಕರೆದರು. ಹೋದಾಗ ಅವರು ರೆಕ್ಕೆಯ ಬುಡದ ಬೋಲ್ಟು ತೆಗೆಯುತ್ತಿದ್ದರು. ರಾಚಣ್ಣ ನೆರಳಲ್ಲಿ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ.

“ಬಿಟ್ಟು ನಡೀರಿ ಮಾಸ್ತರ್. ಕೊಂಡವರೇ ಬಿಚ್ಚಿಕೊಳ್ಳಲಿ,” ಎಂದೆ.

“ಅವರು ಎಳದಾಡಿ ಹಾಳ ಮಾಡ್ತಾರ ರೀ,” ಎಂದರು. “ಹೋಗೂ ಹೊತ್ತಿನಾಗರ ಸರಿ ಹೋಗ್ಲಿ.”

ಪ್ರತಿ ತಂತಿಗೂ ಗುರುತು ಕಟ್ಟಿದರು. ರೆಕ್ಕೆಗಳಿಗೆ ಹಳೆಯ ಗಾದಿ ಸುತ್ತಿದರು. ಲಾರಿ ಹೆದ್ದಾರಿಯ ಕಡೆ ಹೊರಳಿದಾಗ ಒಳಗೆ ಹೋಗಿ ಶೆಡ್ಡು ಗುಡಿಸಿದರು.

ಆ ದಿನ ನೀಲಮ್ಮ ನನ್ನನ್ನು ಕೇಳಿದರು: “ರಾಚಗ ತಾಯಿ ಇದ್ದಿಲ್ರೀ. ನಾನೇ ತಲೀ ಬಾಚಿ ಸಾಲಿಗಿ ಕಳಸ್ತಿದ್ದೆ. ಇವರು ಅಂವಗ ಒಂದ್ ಏಟ್ ಸುದ್ದಾ ಹೊಡದಿಲ್ಲ. ಯಾಕ ಹಿಂಗ ಮಾಡ್ದ?”

ಪ್ರತಿ ಸದ್ದಿಗೂ ಮೂಲವೊಂದು ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿ ಬದುಕೆಲ್ಲ ದುಡಿದವಳು ನಾನು. ಆದರೆ ಕೆಲವರ ಕ್ರೌರ್ಯಕ್ಕೆ ಕಾರಣ ಹುಡುಕುತ್ತಾ ಕೂತರೆ, ಅದನ್ನು ಉಂಡವರು ಪಕ್ಕದಲ್ಲಿ ಒಂಟಿಯಾಗಿಬಿಡುತ್ತಾರೆ ಎಂಬುದನ್ನು ಆ ವಿಮಾನದ ಕೆಲಸ ನನಗೆ ಕಲಿಸಿತು. ಇನ್ನೊಂದನ್ನೂ ಕಲಿಸಿತು. ಮನುಷ್ಯನಲ್ಲಿ ಕಂಡ ದೋಷವನ್ನು ಅವನ ಬೆನ್ನ ಹಿಂದೆ ನಾಲ್ಕು ಜನಕ್ಕೆ ತೋರಿಸಬಾರದು. ಎದುರು ಕೂತು ಅವನಿಗೇ ಹೇಳಬೇಕು, ಎಷ್ಟು ಕಹಿಯಾಗಿದ್ದರೂ ಅಷ್ಟನ್ನೂ ಹೇಳಬೇಕು. ಹೈದರಾಬಾದಿನಿಂದ ಹೊಸ ಟೆಕ್ನಿಷಿಯನ್ನುಗಳು ಫೋನ್ ಮಾಡಿ ಸಲಹೆ ಕೇಳಿದಾಗ ನಾನು ಬೇರೆಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ.

ಮಾಸ್ತರ್ ಈಗ ಕಿವಿಗೆ ಯಂತ್ರ ಹಾಕುತ್ತಾರೆ. ಸೀಟಿ ಹೋಗಿಲ್ಲ. ಆಗಾಗ ನೀಲಮ್ಮನ ಜೊತೆ ರೋಜಾದ ನಮ್ಮ ಮನೆಗೆ ಬರುತ್ತಾರೆ. ನನ್ನ ತಂಗಿ ಅವರನ್ನು ಕಿಟಕಿಯ ಬೆಳಕಿಗೆ ಕೂರಿಸಿ, ತಾನು ಎದುರು ಕೂತು, ತನ್ನ ಅರೆ ದಖನಿ ಉರ್ದು ಅರೆ ಕನ್ನಡದಲ್ಲಿ ನಿಧಾನವಾಗಿ ಮಾತಾಡುತ್ತಾಳೆ. ಅವರು ಅವಳ ತುಟಿಯನ್ನೇ ನೋಡುತ್ತಾ ಒಂದೊಂದಕ್ಕೂ ಉತ್ತರ ಕೊಡುತ್ತಾರೆ.